ಮುಖ್ಯೋಪಾಧ್ಯಾಯರ ನಡೆವಳಿಕೆ ಮತ್ತು ಅಧ್ಯಾಪಕರ ಕಾರ್ಯದಕ್ಷತೆ: ಒಂದು ವಿಮರ್ಶೆ

೧. ಪ್ರಸ್ತಾವನೆ

ವರ್ಷಕ್ಕೊಂದೆರಡು ಬಾರಿಯಾದರೂ ನಮ್ಮ ಗಡಿನಾಡಿನ ಕನ್ನಡ ಶಾಲೆಗಳಿಗೆ ಒಂದು ಪ್ರಶ್ನಾವಳಿ ಬರುವುದುಂಟು. ಶಿಕ್ಷಣಶಾಸ್ತ್ರದಲ್ಲಿ ಉನ್ನತ ಪದವಿಗಾಗಿ ಓದುತ್ತಿರುವ ಯುವಕರೋ ಯುವತಿಯರೋ ಅದನ್ನು ಹಿಡಿದುಕೊಂಡು ಬರುತ್ತಾರೆ. ಈಚೆಗೆ ಮೊಬೈಲಿನಲ್ಲಿಯೂ ಕಳುಹಿಸುತ್ತಾರೆ. ನಿಮ್ಮ ಮುಖ್ಯೋಪಾಧ್ಯಾಯರು ಸಹೋದ್ಯೋಗಿಗಳ ಮಾತಿಗೆ ಬೆಲೆ ಕೊಡುತ್ತಾರೆಯೆ, ಕೆಲಸವನ್ನು ಸಮನಾಗಿ ಹಂಚುತ್ತಾರೆಯೆ, ತಪ್ಪಾದಾಗ ನಾಲ್ಕು ಜನರ ಎದುರಿನಲ್ಲಿ ಗದರಿಸುತ್ತಾರೆಯೆ ಎಂದು ಅದರಲ್ಲಿ ಕೇಳಿರುತ್ತದೆ. ಅಧ್ಯಾಪಕರು ಐದು ಮನೆಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಅದೇ ಹಾಳೆಯ ಹಿಂಬದಿಯಲ್ಲಿ, ತಮ್ಮ ದುಡಿಮೆ ಹೇಗಿದೆಯೆಂಬುದಕ್ಕೂ ಅವರೇ ಗುರುತು ಹಾಕಬೇಕು. ಕೆಲವು ತಿಂಗಳ ಮೇಲೆ ಪ್ರಬಂಧ ಸಿದ್ಧವಾಗುತ್ತದೆ. ಮುಖ್ಯೋಪಾಧ್ಯಾಯರ ನಾಯಕತ್ವದ ನಡೆವಳಿಕೆಗೂ ಅಧ್ಯಾಪಕರ ಕಾರ್ಯದಕ್ಷತೆಗೂ ಗಣನೀಯವಾದ ಸಂಬಂಧವಿದೆ ಎಂಬುದು ಅದರ ಸಿದ್ಧಾಂತ. ಆದುದರಿಂದ ಮುಖ್ಯೋಪಾಧ್ಯಾಯರಿಗೆ ತರಬೇತಿ ಕೊಡತಕ್ಕದ್ದು ಎಂಬುದು ಅದರ ಶಿಫಾರಸು.

ಈ ಸಿದ್ಧಾಂತವು ಸುಳ್ಳೆಂದು ಹೇಳುವ ಉದ್ದೇಶ ಪ್ರಕೃತ ಲೇಖಕನಿಗಿಲ್ಲ. ಮೂವತ್ತು ವರ್ಷಗಳಿಗೆ ಸಮೀಪವಾದ ಸೇವೆಯಲ್ಲಿ ಒಳ್ಳೆಯ ಮುಖ್ಯೋಪಾಧ್ಯಾಯರ ಕೈಕೆಳಗೂ ಅಷ್ಟೇನೂ ಒಳ್ಳೆಯವರಲ್ಲದವರ ಕೈಕೆಳಗೂ ದುಡಿದವನಿಗೆ ಅದು ಅನುಭವಸಿದ್ಧವಾದ ಮಾತು. ಆದರೆ ಒಂದು ಮಾತು ನಿಜವಾಗಿರುವುದು ಬೇರೆ, ಅದನ್ನು ಸಾಧಿಸಿದ ರೀತಿ ಸರಿಯಾಗಿರುವುದು ಬೇರೆ. ಕಾವ್ಯವನ್ನು ವಿಮರ್ಶೆಯ ಒರೆಗೆ ಹಚ್ಚುವ ನಾವು, ನಮ್ಮ ವೃತ್ತಿಯ ಮೇಲೆಯೇ ಬರೆಯಲ್ಪಡುವ ಈ ಸಂಶೋಧನ ವಾಙ್ಮಯವನ್ನು ಮಾತ್ರ ಒರೆಗೆ ಹಚ್ಚದೆ ಒಪ್ಪಿಕೊಳ್ಳುತ್ತಿದ್ದೇವೆ. ಈ ವಿಚಾರ ಎಲ್ಲಿ ಹುಟ್ಟಿತು, ಅದರ ಅಳತೆಗೋಲು ಎಷ್ಟು ನೇರವಾಗಿದೆ, ಅದರಲ್ಲಿ ನಿಲ್ಲತಕ್ಕ ಸತ್ಯವೆಷ್ಟು, ಗಡಿನಾಡಿನ ಶಾಲೆಗೆ ಅದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬ ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ವಿಚಾರಿಸುವುದು ಈ ಲೇಖನದ ಗುರಿ.

೨. ವಿಚಾರದ ಹುಟ್ಟು

ನಾಯಕತ್ವದ ನಡೆವಳಿಕೆಯನ್ನು ಪ್ರಯೋಗಕ್ಕೆ ಒಡ್ಡಿ ನೋಡಿದವರಲ್ಲಿ ಕರ್ಟ್ ಲೆವಿನ್ ಮತ್ತು ಅವರ ಜೊತೆಗಾರರಾದ ಲಿಪಿಟ್, ವೈಟ್ ಎಂಬವರು ಮೊದಲಿಗರೆನ್ನಬಹುದು. ಅಮೆರಿಕದ ಅಯೋವಾದಲ್ಲಿ ನಡೆದ ಅವರ ಪ್ರಯೋಗದ ವರದಿ ೧೯೩೯ರಲ್ಲಿ ಪ್ರಕಟವಾಯಿತು. ಹತ್ತು ವರ್ಷ ಪ್ರಾಯದ ಹುಡುಗರ ಚಿಕ್ಕ ಚಿಕ್ಕ ಕೂಟಗಳನ್ನು ಕಟ್ಟಿ, ಅವಕ್ಕೆ ಒಬ್ಬೊಬ್ಬ ಹಿರಿಯನನ್ನು ನಾಯಕನನ್ನಾಗಿ ಮಾಡಿ, ಒಮ್ಮೆ ಸರ್ವಾಧಿಕಾರದಿಂದ, ಒಮ್ಮೆ ಎಲ್ಲರ ಸಮ್ಮತಿಯಿಂದ, ಒಮ್ಮೆ ಏನೂ ಹೇಳದೆ ಕೈಬಿಟ್ಟು ನಡೆಸಿ ನೋಡಿದರು. ಸರ್ವಾಧಿಕಾರಿಯ ಕೂಟದ ಹುಡುಗರು ಅವನಿರುವಾಗ ಕೆಲಸ ಮಾಡಿದರು. ಅವನು ಹೊರಗೆ ಹೋದಾಗ ಕೆಲಸ ಕುಸಿಯಿತು. ಸಮ್ಮತಿಯಿಂದ ನಡೆದ ಕೂಟದಲ್ಲಿ ನಾಯಕನಿಲ್ಲದಿದ್ದರೂ ಕೆಲಸ ಸಾಗಿತು. ಇಂದಿಗೂ ನಮ್ಮ ಪ್ರಶ್ನಾವಳಿಗಳಲ್ಲಿ ಕಾಣುವ ಮೂರು ಬಗೆಯ ನಾಯಕತ್ವದ ವಿಂಗಡಣೆ ಇಲ್ಲಿಂದಲೇ ಬಂದುದು. ಆದರೆ ಇವರು ನೋಡಿದುದು ಬಿಡುವಿನ ವೇಳೆಯಲ್ಲಿ ಕೈಗೆಲಸ ಮಾಡುತ್ತಿದ್ದ ಬಾಲಕರನ್ನು. ಸಂಬಳ ಪಡೆದು ಸಂಸಾರ ನಡೆಸುವ ಅಧ್ಯಾಪಕರನ್ನಲ್ಲ.

ಎರಡನೆಯ ಘಟ್ಟವು ಒಹಾಯೋ ರಾಜ್ಯ ವಿಶ್ವವಿದ್ಯಾನಿಲಯದ್ದು. ಎರಡನೆಯ ಮಹಾಯುದ್ಧವಾದ ಮೇಲೆ ಅಲ್ಲಿನ ವಿದ್ವಾಂಸರು ನಾಯಕನ ನಡೆವಳಿಕೆಯನ್ನು ಎರಡು ಮುಖಗಳಾಗಿ ವಿಂಗಡಿಸಿದರು. ಕೆಲಸವನ್ನು ಗೊತ್ತುಪಡಿಸಿ ಹಂಚಿ ವ್ಯವಸ್ಥೆಗೊಳಿಸುವುದು ಒಂದು ಮುಖ; ಜತೆಯವರ ಮನಸ್ಸನ್ನು ಅರಿತು ನಡೆಯುವುದು ಇನ್ನೊಂದು. ಆ್ಯಂಡ್ರೂ ಹಾಲ್ಪಿನ್ ಈ ಅಳತೆಗೋಲನ್ನು ಶಾಲಾಡಳಿತಕ್ಕೆ ತಂದರು. ೧೯೫೫ರ ಅವರ ಒಂದು ಲೇಖನವು ಶಾಲಾಡಳಿತಗಾರರನ್ನೂ ಯುದ್ಧವಿಮಾನಗಳ ನಾಯಕರನ್ನೂ ಒಂದೇ ಕೋಲಿನಿಂದ ಅಳೆದು ಹೋಲಿಸಿತು. ೧೯೬೩ರಲ್ಲಿ ಅವರೂ ಕ್ರಾಫ್ಟ್ ಎಂಬವರೂ ಎಪ್ಪತ್ತೊಂದು ಪ್ರಾಥಮಿಕ ಶಾಲೆಗಳನ್ನು ನೋಡಿ, ಶಾಲೆಯ ‘ಹವೆ’ಯನ್ನು ತೆರೆದುದರಿಂದ ಮುಚ್ಚಿದುದರವರೆಗೆ ಆರು ಬಗೆಯಾಗಿ ವಿಂಗಡಿಸಿದರು. ಆ ಪ್ರಶ್ನಾವಳಿಗಳ ಮಕ್ಕಳು ಮೊಮ್ಮಕ್ಕಳೇ ಇಂದು ನಮ್ಮ ಮೇಜಿನ ಮೇಲೆ ಬರುವವು.

ಮೂರನೆಯ ಘಟ್ಟ ೧೯೭೮ರಲ್ಲಿ ಬರ್ನ್ಸ್ ಬರೆದ ನಾಯಕತ್ವದ ಗ್ರಂಥದಿಂದ ಮೊದಲಾಗುತ್ತದೆ. ಅವರ ಲಕ್ಷ್ಯವಿದ್ದುದು ರಾಜಕೀಯ ಪುರುಷರ ಮೇಲೆ. ಕೊಡುಕೊಳ್ಳುವ ನಾಯಕತ್ವ, ಪರಿವರ್ತನಗೊಳಿಸುವ ನಾಯಕತ್ವ ಎಂಬ ಅವರ ವಿಂಗಡಣೆಯನ್ನು ೧೯೮೫ರಲ್ಲಿ ಬಾಸ್ ಎಂಬವರು ವ್ಯವಹಾರ ಸಂಸ್ಥೆಗಳಿಗೂ ಸೈನ್ಯಕ್ಕೂ ಅನ್ವಯಿಸಿದರು; ಅನಂತರ ಅದು ಶಾಲೆಗೆ ಇಳಿಯಿತು. ಹೀಗೆ ಬಾಲಕರ ಕೂಟ, ವಿಮಾನ, ರಾಜಸಭೆ, ದಂಡು ಎಲ್ಲವನ್ನೂ ಸುತ್ತಿ ಬಂದ ಅಳತೆಗೋಲಿನಿಂದ ನಾವು ಕನ್ನಡ ಶಾಲೆಯ ಹೆಡ್‌ಮಾಸ್ಟರನ್ನು ಅಳೆಯುತ್ತಿದ್ದೇವೆ. ಬಂದ ದಾರಿ ದೂರವೆಂಬ ಮಾತ್ರಕ್ಕೆ ಕೋಲು ಕೆಟ್ಟದೆಂದಲ್ಲ. ಆದರೆ ಬಂದ ದಾರಿಯನ್ನು ಮರೆತರೆ ಅದು ಏನನ್ನು ಅಳೆಯುವುದಕ್ಕೆ ಹುಟ್ಟಿತು ಎಂಬುದನ್ನೂ ಮರೆಯುತ್ತೇವೆ.

೩. ಅಳತೆಗೋಲಿನ ದೋಷಗಳು

ಮೊದಲನೆಯ ದೋಷ ಎಲ್ಲಕ್ಕಿಂತ ಸರಳವಾದುದು. ಮುಖ್ಯೋಪಾಧ್ಯಾಯರ ನಡೆವಳಿಕೆಗೆ ಅಂಕ ಕೊಡುವವರೂ ಅಧ್ಯಾಪಕರೇ, ತಮ್ಮ ಕಾರ್ಯದಕ್ಷತೆಗೆ ಅಂಕ ಕೊಡುವವರೂ ಅವರೇ. ಶಾಲೆಯಲ್ಲಿ ಸಂತೋಷದಿಂದಿರುವವರು ಎರಡು ಕಡೆಯೂ ಮೇಲಿನ ಮನೆಗೆ ಗುರುತು ಹಾಕುತ್ತಾರೆ. ಮನಸ್ಸು ಕೆಟ್ಟವರು ಎರಡು ಕಡೆಯೂ ಕೆಳಗಿನ ಮನೆಗೆ ಹಾಕುತ್ತಾರೆ. ಹೀಗಿರಲು ಎರಡಕ್ಕೂ ಸಂಬಂಧ ಕಾಣದಿದ್ದರೆ ಅದೇ ಆಶ್ಚರ್ಯ. ಸಂಶೋಧಕರು ಕಂಡುಹಿಡಿದುದು ನಾಯಕತ್ವಕ್ಕೂ ದುಡಿಮೆಗೂ ಇರುವ ಸಂಬಂಧವನ್ನೋ, ಒಂದೇ ಮನಸ್ಸಿನ ಎರಡು ಉತ್ತರಗಳ ಸಂಬಂಧವನ್ನೋ ಎಂಬುದು ತಿಳಿಯದು.

ಎರಡನೆಯದು ಕಾರ್ಯಕಾರಣಗಳ ದಿಕ್ಕು. ಒಳ್ಳೆಯ ಮುಖ್ಯೋಪಾಧ್ಯಾಯರಿಂದ ಅಧ್ಯಾಪಕರು ಚೆನ್ನಾಗಿ ದುಡಿದರೆಂದು ಹೇಳುತ್ತೇವೆ. ಚೆನ್ನಾಗಿ ದುಡಿಯುವ ಅಧ್ಯಾಪಕರ ನಡುವೆ ಮುಖ್ಯೋಪಾಧ್ಯಾಯರು ತಾವಾಗಿಯೇ ಸೌಮ್ಯರಾದರೆಂದು ಏಕೆ ಹೇಳಬಾರದು? ಹೊತ್ತಿಗೆ ಸರಿಯಾಗಿ ಬರುವವರನ್ನು ಗದರಿಸುವ ಪ್ರಸಂಗವೇ ಬಾರದು. ಒಂದೇ ಸಲ ಒಂದೇ ದಿನ ತುಂಬಿಸಿಕೊಂಡ ಹಾಳೆಯಿಂದ ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ತಿಳಿಯುವ ಉಪಾಯವಿಲ್ಲ.

ಮೂರನೆಯದು ‘ಕಾರ್ಯದಕ್ಷತೆ’ ಎಂಬ ಮಾತಿಗೆ ಕೊಡುವ ಅರ್ಥ. ಪಾಠಟಿಪ್ಪಣಿ ಬರೆಯುವುದು, ಹಾಜರಿ, ಪರೀಕ್ಷೆಯ ಫಲಿತಾಂಶ, ಮೇಲಧಿಕಾರಿಗಳಿಗೆ ಲೆಕ್ಕ ಒಪ್ಪಿಸುವುದು ಇವೇ ಅದರ ಅಂಗಗಳೆಂದು ಎಣಿಸಲಾಗಿದೆ. ಪೆರಡಾಲದ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಯವರನ್ನು ನೆನೆದುಕೊಳ್ಳೋಣ. ೧೯೧೫ರಲ್ಲಿ ಹುಟ್ಟಿ ೨೦೧೫ರಲ್ಲಿ ತೀರಿಕೊಂಡ ಆ ಹಿರಿಯರು ಪಾಠ ಹೇಳಿದರು, ಕವಿತೆ ಬರೆದರು, ಬೇಸಾಯ ಮಾಡಿದರು, ಪಂಚಾಯತನ್ನು ನಡೆಸಿದರು, ಕಾಸರಗೋಡಿನ ಕನ್ನಡಿಗರ ಚಳುವಳಿಯ ಮುಂದಾಳುಗಳಲ್ಲಿ ಒಬ್ಬರಾದರು. ಅವರ ತರಗತಿಯಿಂದ ಹೊರಬಂದ ಮಕ್ಕಳಿಗೆ ದೊರೆತುದರಲ್ಲಿ ಎಷ್ಟು ಪಾಲು ಪಾಠದ್ದು, ಎಷ್ಟು ಪಾಲು ಆ ಬಾಳಿನದು ಎಂದು ಹೇಳುವುದಕ್ಕೆ ಯಾವ ಪ್ರಶ್ನಾವಳಿಯಲ್ಲಿ ಮನೆಯಿದೆ? ಊರಿನ ಭಾಷೆ ಉಳಿಯುವುದೇ ಅಧ್ಯಾಪಕರ ಮೇಲೆ ನಿಂತಿರುವ ಸೀಮೆಯಲ್ಲಿ ಇದು ಸಣ್ಣ ಲೋಪವಲ್ಲ.

ನಾಲ್ಕನೆಯದು ಅಧಿಕಾರದ ವಿಚಾರ. ವ್ಯವಹಾರ ಸಂಸ್ಥೆಯ ನಾಯಕನು ಆಳನ್ನು ಆರಿಸಬಲ್ಲ, ಬಡ್ತಿ ಕೊಡಬಲ್ಲ, ತೆಗೆದುಹಾಕಬಲ್ಲ. ನಮ್ಮ ಮುಖ್ಯೋಪಾಧ್ಯಾಯರಿಗೆ ಇವುಗಳಲ್ಲಿ ಒಂದಾದರೂ ಇದೆಯೆ? ಕೇರಳದಲ್ಲಿ ೧೯೫೮ರ ಶಿಕ್ಷಣ ಕಾಯಿದೆ, ೧೯೫೯ರ ನಿಯಮಾವಳಿ ಇವುಗಳ ಚೌಕಟ್ಟಿನಲ್ಲಿ ಅನುದಾನಿತ ಶಾಲೆಗಳು ನಡೆಯುತ್ತವೆ. ಅಲ್ಲಿ ನೇಮಕ ಮಾಡುವವರು ಮ್ಯಾನೇಜರು. ಸಂಬಳ ಕೊಡುವುದು ಸರಕಾರ. ಸರಕಾರಿ ಶಾಲೆಯಾದರೆ ನೇಮಕವು ಲೋಕಸೇವಾ ಆಯೋಗದ ಮೂಲಕ. ಮುಖ್ಯೋಪಾಧ್ಯಾಯರ ಹುದ್ದೆಯೂ ಸಾಮಾನ್ಯವಾಗಿ ಸೇವಾಜ್ಯೇಷ್ಠತೆಯಿಂದ ಬರತಕ್ಕದ್ದು. ನಾಯಕನಾಗಲು ಯೋಗ್ಯನೆಂದು ಯಾರೂ ಆರಿಸಿದ ಹುದ್ದೆ ಅದಲ್ಲ. ಕಾದು ಬಂದ ಹುದ್ದೆ. ಕೆಲವರಿಗೆ ಅದು ನಿವೃತ್ತಿಗೆ ಎರಡು ವರ್ಷ ಉಳಿದಿರುವಾಗ ಕೈಗೆ ಬರುತ್ತದೆ. ಈ ಸಂಗತಿಗಳನ್ನು ಬದಿಗಿಟ್ಟು ನಾಯಕತ್ವದ ಬಗೆಗಳನ್ನು ಎಣಿಸುವುದು, ದೋಣಿಯಲ್ಲಿ ಹುಟ್ಟು ಇದೆಯೋ ಇಲ್ಲವೋ ನೋಡದೆ ಅಂಬಿಗನ ಜಾಣ್ಮೆಗೆ ಅಂಕ ಕೊಟ್ಟಂತೆ.

೪. ನಿಲ್ಲತಕ್ಕ ಸತ್ಯ

ದೋಷಗಳನ್ನು ಮಾತ್ರ ಎಣಿಸಿ ಸುಮ್ಮನಾದರೆ ವಿಮರ್ಶೆ ಅರ್ಧವಾಯಿತು. ಈ ವಾಙ್ಮಯದಲ್ಲಿಯೂ ಗಟ್ಟಿಕಾಳುಗಳಿವೆ. ೧೯೯೮ರಲ್ಲಿ ಹಾಲಿಂಜರ್ ಮತ್ತು ಹೆಕ್ ಎಂಬವರು ೧೯೮೦ರಿಂದ ೧೯೯೫ರವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದರು. ಮಕ್ಕಳ ಕಲಿಕೆಯ ಮೇಲೆ ಮುಖ್ಯೋಪಾಧ್ಯಾಯರ ಪ್ರಭಾವ ಇದೆ, ಆದರೆ ಅದು ಚಿಕ್ಕದು ಮತ್ತು ಪರೋಕ್ಷವಾದುದು ಎಂಬುದು ಅವರು ಕಂಡ ಸಾರ. ಪರೋಕ್ಷವೆಂದರೆ ಅಧ್ಯಾಪಕರ ಮೂಲಕ, ಶಾಲೆಯ ಗುರಿಯ ಮೂಲಕ, ಕೆಲಸದ ಏರ್ಪಾಡಿನ ಮೂಲಕ ಹರಿದು ಬರುವಂಥದು. ಬಾವಿಯ ನೀರು ತೋಡಿನ ಮೂಲಕ ತೋಟಕ್ಕೆ ಹೋಗುವಂತೆ. ತೋಡು ಒಡೆದಿದ್ದರೆ ಬಾವಿಯಲ್ಲಿ ನೀರೆಷ್ಟಿದ್ದರೂ ಅಡಕೆ ಒಣಗುತ್ತದೆ.

ಇದಕ್ಕಿಂತ ಹೆಚ್ಚಿನ ಬೆಳಕು ಕೊಟ್ಟುದು ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತು ಅವರ ಜೊತೆಗಾರರು ೨೦೦೮ರಲ್ಲಿ ಪ್ರಕಟಿಸಿದ ಪರಿಶೀಲನೆ. ಇಪ್ಪತ್ತೇಳು ಅಧ್ಯಯನಗಳನ್ನು ಅವರು ಎತ್ತಿಕೊಂಡರು. ಮನಸ್ಸುಗಳನ್ನು ಹುರಿದುಂಬಿಸುವ ಪರಿವರ್ತನಕಾರಿ ನಾಯಕತ್ವಕ್ಕೆ ಮಕ್ಕಳ ಕಲಿಕೆಯಲ್ಲಿ ದೊರೆತ ಪರಿಣಾಮದ ಅಳತೆ ೦.೧೧, ಪಾಠದ ಕೆಲಸಕ್ಕೆ ಹತ್ತಿರವಾಗಿ ನಿಲ್ಲುವ ಬೋಧನ ನಾಯಕತ್ವಕ್ಕೆ ದೊರೆತುದು ೦.೪೨. ನಾಯಕರ ಕೆಲಸಗಳನ್ನು ಐದಾಗಿ ಬಿಡಿಸಿ ನೋಡಿದಾಗ ಎಲ್ಲಕ್ಕಿಂತ ಮೇಲೆ, ಅಂದರೆ ೦.೮೪ರಲ್ಲಿ, ನಿಂತುದು ಒಂದೇ: ಅಧ್ಯಾಪಕರ ಕಲಿಕೆಯನ್ನು ಪ್ರೋತ್ಸಾಹಿಸಿ, ತಾನೂ ಅವರ ಜತೆಗೆ ಕುಳಿತು ಕಲಿಯುವುದು. ಶಿಸ್ತು, ಅಚ್ಚುಕಟ್ಟು, ಸಾಮಗ್ರಿ ಒದಗಿಸುವುದು ಇವೆಲ್ಲ ಅದಕ್ಕಿಂತ ಬಹಳ ಕೆಳಗೆ ನಿಂತವು.

ಈ ಅಂಕೆಗಳು ಕೆಲವೇ ಅಧ್ಯಯನಗಳನ್ನು ಆಧರಿಸಿದವು ಎಂಬುದನ್ನೂ, ಅವು ನೋಡಿದುದು ಅಧ್ಯಾಪಕರ ದುಡಿಮೆಯನ್ನಲ್ಲ, ಮಕ್ಕಳ ಕಲಿಕೆಯನ್ನು ಎಂಬುದನ್ನೂ ಮರೆಯಲಾಗದು. ಹಾಗಿದ್ದರೂ ಅವುಗಳ ದಿಕ್ಕು ಸ್ಪಷ್ಟವಾಗಿದೆ. ಮುಖ್ಯೋಪಾಧ್ಯಾಯರು ಎಷ್ಟು ಸೌಮ್ಯರು, ಎಷ್ಟು ಕಠಿಣರು ಎಂಬ ಪ್ರಶ್ನೆಗಿಂತ, ಅವರು ಪಾಠಕ್ಕೆ ಎಷ್ಟು ಹತ್ತಿರವಿದ್ದಾರೆ ಎಂಬ ಪ್ರಶ್ನೆಯೇ ದೊಡ್ಡದು. ೨೦೦೨ರಲ್ಲಿ ಬ್ರಿಕ್ ಮತ್ತು ಶ್ನೈಡರ್ ಶಿಕಾಗೋ ನಗರದ ಪ್ರಾಥಮಿಕ ಶಾಲೆಗಳ ಬಗ್ಗೆ ಬರೆದ ಗ್ರಂಥವೂ ಇದಕ್ಕೆ ಪೂರಕವಾಗಿದೆ. ಅಧ್ಯಾಪಕರು, ಮುಖ್ಯೋಪಾಧ್ಯಾಯರು, ತಂದೆತಾಯಿಗಳು ಇವರೊಳಗೆ ಪರಸ್ಪರ ವಿಶ್ವಾಸವಿದ್ದ ಶಾಲೆಗಳೇ ಸುಧಾರಿಸಿದವೆಂದು ಅವರು ತೋರಿಸಿದರು.

ನಮ್ಮ ದೇಶದಲ್ಲಿಯೂ ಈ ತಿಳಿವಳಿಕೆ ಇರಲಿಲ್ಲವೆಂದಲ್ಲ. ೧೯೫೨-೫೩ರ ಮುದಲಿಯಾರ್ ಆಯೋಗವು ಪ್ರೌಢಶಾಲೆಯ ಯಶಸ್ಸಿನಲ್ಲಿ ಮುಖ್ಯೋಪಾಧ್ಯಾಯರ ಸ್ಥಾನವನ್ನು ಎತ್ತಿ ಹೇಳಿತು. ೧೯೬೪-೬೬ರ ಕೊಠಾರಿ ಆಯೋಗವು ನೆರೆಯ ಶಾಲೆಗಳು ಒಂದುಗೂಡಿ ಕೆಲಸ ಮಾಡುವ ಶಾಲಾ ಸಂಕೀರ್ಣಗಳನ್ನು ಸೂಚಿಸಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ ಅದೇ ಮಾತನ್ನು ಮತ್ತೆ ಎತ್ತಿಕೊಂಡಿತು. ಕನ್ನಡದಲ್ಲಂತೂ ನಮ್ಮ ಕಣ್ಣೆದುರಿಗೇ ಪಂಜೆ ಮಂಗೇಶರಾಯರ ನಿದರ್ಶನವಿದೆ. ಅವರು ಅಧ್ಯಾಪಕರಾಗಿದ್ದರು, ಶಾಲೆಗಳ ತನಿಖೆಯ ಅಧಿಕಾರಿಯಾಗಿದ್ದರು, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ತನಿಖೆಗೆ ಬರುವ ಅಧಿಕಾರಿಗಳಿಗೆ ಆ ಕಾಲದಲ್ಲಿ ಕೊರತೆಯಿರಲಿಲ್ಲ. ಆದರೆ ಅಧ್ಯಾಪಕರು ತರಗತಿಯಲ್ಲಿ ಹಾಡುವುದಕ್ಕೆ ಹಾಡನ್ನು, ಹೇಳುವುದಕ್ಕೆ ಕಥೆಯನ್ನು ತಾವೇ ಬರೆದುಕೊಟ್ಟ ಅಧಿಕಾರಿಗಳು ಎಷ್ಟು ಮಂದಿ? ಬೋಧನ ನಾಯಕತ್ವ ಎಂಬ ಮಾತು ಹುಟ್ಟುವ ಮೊದಲೇ ಅದರ ಅರ್ಥ ನಮ್ಮ ಜಿಲ್ಲೆಯಲ್ಲಿ ನಡೆದಾಡಿತ್ತು.

೫. ಗಡಿನಾಡಿನ ಒರೆಗಲ್ಲು

ಇನ್ನು ನಮ್ಮ ಶಾಲೆಗಳ ಮಾತು. ೧೯೫೬ರ ನವಂಬರ ೧ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ಣಾಟಕಕ್ಕೆ ಸೇರಬೇಕೆಂದು ೧೯೬೭ರ ಮಹಾಜನ ವರದಿ ಹೇಳಿತು. ಅದು ಕಾಗದದಲ್ಲಿಯೇ ಉಳಿಯಿತು. ೧೯೮೪ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಈ ಇತಿಹಾಸವು ವಾಚಕರಿಗೆ ಹೊಸತಲ್ಲ. ಆದರೆ ಅದು ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಯಾವ ರೂಪದಲ್ಲಿ ಬಂದು ಕುಳಿತಿದೆಯೆಂಬುದನ್ನು ಸಂಶೋಧಕರು ನೋಡಿಲ್ಲ.

ಸುತ್ತೋಲೆಗಳು ಬಹುಮಟ್ಟಿಗೆ ಮಲೆಯಾಳದಲ್ಲಿ ಬರುತ್ತವೆ. ಅವನ್ನು ಓದಿ, ಅರ್ಥ ಮಾಡಿಕೊಂಡು, ಸಹೋದ್ಯೋಗಿಗಳಿಗೆ ಕನ್ನಡದಲ್ಲಿ ತಿಳಿಸುವುದು ಕನ್ನಡ ಶಾಲೆಯ ಮುಖ್ಯೋಪಾಧ್ಯಾಯರ ಕೆಲಸ. ಮಧ್ಯಾಹ್ನದ ಊಟದ ಲೆಕ್ಕ ಅವರದು. ಗಣಕಯಂತ್ರದಲ್ಲಿ ಮಕ್ಕಳ ವಿವರ ತುಂಬಿಸಿದುದಕ್ಕೆ ಹೊಣೆ ಅವರು. ಎಲ್ಲಕ್ಕಿಂತ ಮಿಗಿಲಾಗಿ, ಜೂನ್ ತಿಂಗಳಲ್ಲಿ ಶಾಲೆ ತೆರೆದು ಆರನೆಯ ಕೆಲಸದ ದಿನ ಮಕ್ಕಳ ತಲೆಯೆಣಿಕೆಯಾಗುತ್ತದೆ. ಆ ಎಣಿಕೆಯ ಮೇಲೆ ತರಗತಿಯ ವಿಭಾಗಗಳು, ವಿಭಾಗಗಳ ಮೇಲೆ ಅಧ್ಯಾಪಕರ ಹುದ್ದೆಗಳು. ನಾಲ್ಕು ಮಕ್ಕಳು ಕಡಮೆಯಾದರೆ ಒಂದು ವಿಭಾಗ ಹೋಗಬಹುದು. ವಿಭಾಗ ಹೋದರೆ ಒಬ್ಬರು ಹೆಚ್ಚುವರಿಯಾಗುತ್ತಾರೆ. ಆದುದರಿಂದ ಮೇ ತಿಂಗಳ ಬಿಸಿಲಿನಲ್ಲಿ ಮುಖ್ಯೋಪಾಧ್ಯಾಯರೂ ಅಧ್ಯಾಪಕರೂ ಮನೆಮನೆಗೆ ಹೋಗಿ, ಮಗುವನ್ನು ಕನ್ನಡ ಶಾಲೆಗೆ ಕಳುಹಿಸಿರೆಂದು ಕೇಳಿಕೊಳ್ಳುತ್ತಾರೆ. ಈ ತಿರುಗಾಟ ನಾಯಕತ್ವವೇ, ಕಾರ್ಯದಕ್ಷತೆಯೇ? ಎರಡರ ಪಟ್ಟಿಯಲ್ಲಿಯೂ ಅದಿಲ್ಲ.

ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಗಳಲ್ಲಿ ಮರಾಠಿ, ತಾಳವಾಡಿಯಲ್ಲಿ ತಮಿಳು, ಆದವಾನಿಯ ಕಡೆ ತೆಲುಗು. ಕಾಯಿದೆಗಳು ಬೇರೆ ಬೇರೆ. ಮನೆಯ ಮಾತು ಒಂದು, ಕಚೇರಿಯ ಮಾತು ಇನ್ನೊಂದು ಎಂಬ ಸ್ಥಿತಿ ಮಾತ್ರ ಸಮಾನ.

ಇಲ್ಲಿ ನನ್ನ ಅನುಭವದ ಎರಡು ಸಂಗತಿಗಳನ್ನು ಹೇಳಲು ಅನುಮತಿ ಬೇಡುತ್ತೇನೆ.

ಮೊದಲನೆಯದು ನಾನು ಮುಖ್ಯೋಪಾಧ್ಯಾಯನಾದ ವರ್ಷದ್ದು. ಶಾಲೆಯನ್ನು ತಿದ್ದಬೇಕೆಂಬ ಹುರುಪಿನಲ್ಲಿ ಪ್ರತಿ ಸೋಮವಾರ ಎಲ್ಲರ ಪಾಠಟಿಪ್ಪಣಿಗಳನ್ನು ತರಿಸಿ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದೆ. ಕನ್ನಡ ಕಲಿಸುತ್ತಿದ್ದ ಹಿರಿಯ ಅಧ್ಯಾಪಕರೊಬ್ಬರು ಟಿಪ್ಪಣಿ ಬರೆಯುವುದರಲ್ಲಿ ಹಿಂದು. ಮೂರು ವಾರ ಅವರ ಪುಸ್ತಕದಲ್ಲಿ ಕೆಂಪು ಗೀಟುಗಳು ಬಿದ್ದವು. ನಾಲ್ಕನೆಯ ವಾರದಿಂದ ಅವರ ಟಿಪ್ಪಣಿ ಎಲ್ಲರಿಗಿಂತ ಅಂದವಾಯಿತು. ನಾನು ಸಂತೋಷಪಟ್ಟೆ. ಒಂದು ದಿನ ಅವರ ತರಗತಿಯ ಹೊರಗೆ ಹೋಗುತ್ತಿದ್ದಾಗ ಒಳಗಿನಿಂದ ಪದ್ಯದ ದನಿ ಕೇಳಿಸಲಿಲ್ಲ. ಹಳೆಗನ್ನಡದ ಪದ್ಯವನ್ನು ರಾಗವಾಗಿ ಓದಿ, ಮಕ್ಕಳಿಂದಲೇ ಅರ್ಥ ಹೊರಡಿಸುತ್ತಿದ್ದ ಅವರು ಟಿಪ್ಪಣಿಯನ್ನು ನೋಡಿ ಬರೆಯಿಸುತ್ತಿದ್ದರು. ಸಂಜೆ ಕರೆದು, “ಮಾಸ್ಟ್ರೇ, ಪದ್ಯ ಓದುವುದನ್ನು ಬಿಟ್ಟಿರೇನು?” ಎಂದು ಕೇಳಿದೆ. ಅವರು, “ಸಾರ್, ನೀವು ಟಿಪ್ಪಣಿ ಕೇಳಿದಿರಿ, ಟಿಪ್ಪಣಿ ಕೊಟ್ಟೆ. ಪಾಠವನ್ನು ನೀವು ಕೇಳಲಿಲ್ಲವಲ್ಲ” ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ನೋವು ಕೊಟ್ಟಿತು. ಮರುವಾರದಿಂದ ಅವರ ಅಪ್ಪಣೆ ಪಡೆದು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತೆ. ಅನಂತರ ನನ್ನ ಪಾಠಕ್ಕೂ ಅವರನ್ನು ಕರೆದೆ. ಪದ್ಯದ ದನಿ ಮರಳಿ ಬರಲು ಒಂದು ಅವಧಿ ಪೂರ್ತಿ ಬೇಕಾಯಿತು. ಪ್ರಶ್ನಾವಳಿಯ ಲೆಕ್ಕದಲ್ಲಿ ಆ ನಾಲ್ಕನೆಯ ವಾರವೇ ನನ್ನ ನಾಯಕತ್ವದ ಉಚ್ಛ್ರಾಯ. ಅಧ್ಯಾಪಕರ ದಾಖಲೆ ಸುಧಾರಿಸಿತ್ತಷ್ಟೆ! ಪಾಠ ಸತ್ತಿತ್ತೆಂಬುದು ಅದರಲ್ಲಿ ಕಾಣದು.

ಎರಡನೆಯದು ಇದಕ್ಕಿಂತ ಕಠಿಣವಾದುದು. ಒಂದು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಕಲಿಸಲು ಕನ್ನಡ ಬಾರದ ಅಧ್ಯಾಪಿಕೆಯೊಬ್ಬರು ನೇಮಕವಾಗಿ ಬಂದರು. ತಪ್ಪು ಅವರದಲ್ಲ. ಪರೀಕ್ಷೆ ಬರೆದು, ಪಟ್ಟಿಯಲ್ಲಿ ಹೆಸರು ಬಂದು, ಮನೆಮಂದಿಯನ್ನು ಬಿಟ್ಟು ದೂರದ ಜಿಲ್ಲೆಯಿಂದ ಬಂದವರು. ತಂದೆತಾಯಿಗಳು ಶಾಲೆಯ ಬಾಗಿಲಿಗೆ ಬಂದರು. ಅವರ ಮಾತಿನಲ್ಲಿಯೂ ನ್ಯಾಯವಿತ್ತು. ನಾನು ಮೇಲಿನವರಿಗೆ ಬರೆದೆ. ಉತ್ತರ ಬರುವ ತನಕ ಕೈಕಟ್ಟಿ ಕುಳಿತುಕೊಳ್ಳುವಂತಿರಲಿಲ್ಲ. ಆಕೆಗೆ ಸಂಜೆ ಅಕ್ಷರ ಕಲಿಸಲು ಒಬ್ಬರನ್ನು ಗೊತ್ತುಮಾಡಿದೆವು. ಪಾರಿಭಾಷಿಕ ಶಬ್ದಗಳ ಪಟ್ಟಿ ಬರೆದುಕೊಟ್ಟೆವು. ಗಣಿತದ ಅಧ್ಯಾಪಕರು ತಮ್ಮ ಬಿಡುವಿನ ವೇಳೆಯಲ್ಲಿ ಅವರ ತರಗತಿಯಲ್ಲಿ ನಿಂತು ಸಹಾಯ ಮಾಡಿದರು. ಆಕೆ ಶ್ರದ್ಧಾವಂತೆ, ವರ್ಷಾಂತ್ಯಕ್ಕೆ ಹಲಗೆಯ ಮೇಲೆ ಕನ್ನಡದಲ್ಲಿ ಬರೆಯುವಷ್ಟು ಕಲಿತರು. ಎಲ್ಲರೂ ಮೆಚ್ಚಿದರು. ಆ ವರ್ಷವೇ ಬಂದ ಒಂದು ಪ್ರಶ್ನಾವಳಿಯಲ್ಲಿ ನಮ್ಮ ಶಾಲೆಯ ಹವೆ ‘ತೆರೆದುದು’ ಎಂದೂ, ಮುಖ್ಯೋಪಾಧ್ಯಾಯರು ಸಹೋದ್ಯೋಗಿಗಳನ್ನು ಅರಿತು ನಡೆಯುವವರೆಂದೂ ಅಂಕ ದೊರೆತಿರಬೇಕು.

ಆದರೆ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಏನು ಹೇಳಿದರೂ ‘ಅದು ಯಾಕೆ ಹಾಗೆ?’ ಎಂದು ಕೇಳುವ ಸ್ವಭಾವದವನು. ಹಲಗೆಯ ಮೇಲಿನ ಕನ್ನಡವನ್ನು ಅಧ್ಯಾಪಿಕೆ ಬರೆಯಬಲ್ಲವರಾಗಿದ್ದರು. ಆ ಹುಡುಗನ ಆಡುಮಾತಿನ ಪ್ರಶ್ನೆಯನ್ನು ಹಿಡಿಯಬಲ್ಲವರಾಗಿರಲಿಲ್ಲ. ಮೊದಮೊದಲು ಎರಡು ಮೂರು ಸಲ ಕೇಳಿದ. ಅವರು ನಕ್ಕು, ಪುಸ್ತಕದ ವಾಕ್ಯವನ್ನೇ ಇನ್ನೊಮ್ಮೆ ಓದಿದರು. ಓಣಂ ರಜೆಯ ಮೇಲೆ ಅವನು ಕೇಳುವುದನ್ನೇ ನಿಲ್ಲಿಸಿದ. ನನಗೆ ಅದು ತಿಳಿದುದು ಮಾರ್ಚ್ ತಿಂಗಳಲ್ಲಿ, ಗಣಿತದ ಅಧ್ಯಾಪಕರು ಹೇಳಿದ ಮೇಲೆ.

ಈ ಪ್ರಸಂಗದಿಂದ ನಾನು ಕಲಿತುದು ಎರಡು. ತಪ್ಪು ನೇಮಕವನ್ನು ಒಳ್ಳೆಯ ನಾಯಕತ್ವ ತುಂಬಿಕೊಡಲಾರದು. ತುಂಬಿಕೊಟ್ಟಂತೆ ಕಾಣಿಸಬಲ್ಲದು, ಅದೇ ಅಪಾಯ. ನಾವು ಪರಸ್ಪರ ಸಹಕರಿಸಿ ನಡೆಸಿದ ಆ ವರ್ಷ ನಮ್ಮ ದೂರಿನ ಮೊನೆಯನ್ನೂ ಮೊಂಡಾಗಿಸಿತು. ಎರಡನೆಯದಾಗಿ, ಅಧ್ಯಾಪಕರ ಮನಸ್ಸನ್ನು ಅರಿತು ನಡೆಯುವುದು ಮುಖ್ಯೋಪಾಧ್ಯಾಯರ ಧರ್ಮವೆಂದು ಹಾಲ್ಪಿನ್ನರ ಅಳತೆಗೋಲು ಹೇಳುತ್ತದೆ. ಆ ಧರ್ಮವನ್ನು ನಡೆಸುವಾಗ ಬೆಲೆ ತೆರುವವರು ಯಾರೆಂದು ಅದು ಕೇಳುವುದಿಲ್ಲ. ನಮ್ಮ ಪ್ರಸಂಗದಲ್ಲಿ ಬೆಲೆ ತೆತ್ತವನು ಹದಿಮೂರು ವರ್ಷದ ಹುಡುಗ.

ಹಾಗೆಂದು ‘ನಮಗೆ ಅಧಿಕಾರವಿಲ್ಲ, ನಾವೇನು ಮಾಡುವುದು?’ ಎಂಬ ಮಾತನ್ನು ಮುಂದಿಟ್ಟು ಜಾರಿಕೊಳ್ಳುವ ಮುಖ್ಯೋಪಾಧ್ಯಾಯರ ಪಕ್ಷವನ್ನು ನಾನು ವಹಿಸುವವನಲ್ಲ. ಆ ಮಾತು ನಮ್ಮಲ್ಲಿ ಮೈಗಳ್ಳತನಕ್ಕೆ ಹೊದಿಕೆಯಾಗಿರುವುದೂ ಉಂಟು. ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುವುದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಾಗಿರಲಿಲ್ಲ. ಆ ಹುಡುಗನ ಮೌನವನ್ನು ನಾನು ಮಾರ್ಚಿನಲ್ಲಿಯಲ್ಲ, ಸಪ್ಟಂಬರದಲ್ಲಿಯೇ ಕಂಡುಕೊಳ್ಳಬಹುದಿತ್ತು. ಆ ತರಗತಿಯಲ್ಲಿ ವಾರಕ್ಕೊಮ್ಮೆ ಕುಳಿತಿದ್ದರೆ. ಅದು ನನ್ನ ಲೋಪ, ಕಾಯಿದೆಯದಲ್ಲ.

೬. ಭಾಗವತರ ಸ್ಥಾನ

ನಾಯಕತ್ವ ಎಂಬ ಶಬ್ದವು ದಂಡನ್ನೂ ದೊರೆಯನ್ನೂ ನೆನಪಿಗೆ ತರುತ್ತದೆ. ‘ಮುಖ್ಯೋಪಾಧ್ಯಾಯ’ ಎಂಬ ನಮ್ಮ ಶಬ್ದವಾದರೋ ಉಪಾಧ್ಯಾಯರಲ್ಲಿ ಮುಖ್ಯನಾದವನು ಎಂದಷ್ಟೇ ಹೇಳುತ್ತದೆ. ಮೊದಲು ಉಪಾಧ್ಯಾಯ, ಅನಂತರ ಮುಖ್ಯ. ಪಾರ್ತಿಸುಬ್ಬನ ಕುಂಬಳೆಸೀಮೆಯಲ್ಲಿ ಬೆಳೆದ ನನಗೆ ಈ ಸ್ಥಾನಕ್ಕೆ ತಕ್ಕ ಹೋಲಿಕೆ ತಾಳಮದ್ದಳೆಯ ಭಾಗವತರಲ್ಲಿ ದೊರೆಯುತ್ತದೆ. ಅರ್ಥಧಾರಿ ಏನು ಮಾತನಾಡಬೇಕೆಂದು ಭಾಗವತರು ಬರೆದುಕೊಡುವುದಿಲ್ಲ. ಬರೆದುಕೊಟ್ಟರೆ ಅದು ತಾಳಮದ್ದಳೆಯಲ್ಲ. ಆದರೆ ಪದವನ್ನು ಎತ್ತಿಕೊಡುವವರು ಅವರು. ಮಾತು ಪ್ರಸಂಗ ಬಿಟ್ಟು ಹೊರಳಿದರೆ ಮುಂದಿನ ಪದವನ್ನೆತ್ತಿ ದಾರಿಗೆ ತರುವವರೂ ಅವರೇ. ಅವರು ರಾತ್ರಿಯಿಡೀ ಎಚ್ಚತ್ತು ಕೇಳುತ್ತಿರುತ್ತಾರೆ. ಹೊರಗೆ ಕುಳಿತು ಮಾತಿನ ಲೆಕ್ಕ ಬರೆಯುವ ಭಾಗವತರನ್ನು ನಾನು ಕಂಡಿಲ್ಲ. ಕೇಳದ ಭಾಗವತರಿಂದ ಅರ್ಥಧಾರಿಗೆ ಹುರುಪು ಬರುವುದಿಲ್ಲ.

ಈ ವಿಮರ್ಶೆಯ ಒಟ್ಟು ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ಮುಖ್ಯೋಪಾಧ್ಯಾಯರ ನಡೆವಳಿಕೆ ಅಧ್ಯಾಪಕರ ದುಡಿಮೆಯ ಮೇಲೆ ಪರಿಣಾಮ ಮಾಡುತ್ತದೆ. ಅದು ಪಾಠದ ಸಾಮೀಪ್ಯದಿಂದ ಆಗುವಂಥದು, ಹಾಳೆಯ ಮೇಲ್ವಿಚಾರಣೆಯಿಂದ ಆಗುವಂಥದಲ್ಲ. ನೇಮಕ, ಭಾಷೆ, ತಲೆಯೆಣಿಕೆ ಇವುಗಳನ್ನು ಲೆಕ್ಕಕ್ಕೆ ತಾರದ ಪ್ರಶ್ನಾವಳಿಯಿಂದ ಗಡಿನಾಡಿನ ಶಾಲೆಯ ಸ್ಥಿತಿ ತಿಳಿಯದು.

ನಮ್ಮ ತರುಣ ಸಂಶೋಧಕರಲ್ಲಿ ನನ್ನ ಪ್ರಾರ್ಥನೆ ಇಷ್ಟು. ನೂರು ಶಾಲೆಗಳಿಗೆ ಹಾಳೆ ಹಂಚುವ ಬದಲು ಮೂರು ಶಾಲೆಗಳಲ್ಲಿ ಒಂದು ವರ್ಷ ಕುಳಿತುಕೊಳ್ಳಿರಿ. ಮುಖ್ಯೋಪಾಧ್ಯಾಯರ ದಿನದಲ್ಲಿ ಪಾಠಕ್ಕೆ ಎಷ್ಟು ಹೊತ್ತು, ಕಾಗದಕ್ಕೆ ಎಷ್ಟು ಹೊತ್ತು ಹೋಗುತ್ತದೆಂದು ಗಡಿಯಾರ ನೋಡಿ ಬರೆಯಿರಿ. ಅಧ್ಯಾಪಕರನ್ನು ಕೇಳಿದಂತೆ ಮಕ್ಕಳನ್ನೂ ಕೇಳಿರಿ. ತರಗತಿಯಲ್ಲಿ ಮಗುವೊಂದು ತಾನಾಗಿ ಎಷ್ಟು ಪ್ರಶ್ನೆ ಕೇಳಿತು, ಅದರಲ್ಲಿ ಎಷ್ಟಕ್ಕೆ ಅದರ ಮಾತಿನಲ್ಲಿಯೇ ಉತ್ತರ ದೊರೆಯಿತು ಎಂಬುದನ್ನು ಎಣಿಸಿರಿ. ಕಾರ್ಯದಕ್ಷತೆಗೆ ಅದಕ್ಕಿಂತ ನೇರವಾದ ಅಳತೆ ನನಗೆ ತೋಚದು.

ಸಹೋದ್ಯೋಗಿಗಳಾದ ಮುಖ್ಯೋಪಾಧ್ಯಾಯರಲ್ಲಿಯೂ ಒಂದು ಮಾತು. ನಾಳೆ ಬೆಳಗ್ಗೆ ಅಂಚೆ ನೋಡುವ ಮೊದಲು ಒಂದು ತರಗತಿಯ ಹಿಂದಿನ ಬೆಂಚಿನಲ್ಲಿ ಒಂದು ಗಂಟೆ ಕುಳಿತು ಬನ್ನಿರಿ. ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ ಮಗು ಅಲ್ಲಿ ನಿಮ್ಮ ಪಕ್ಕದಲ್ಲಿಯೇ ಇರಬಹುದು.